ಒಂದೇ ಸೂರು, ಎರಡು ಒಲೆ

ಚಿಗವ್ವನ ಎಡಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ಉದ್ದವಾಗಿತ್ತು, ಅರಿಸಿನದಲ್ಲಿ ಅದ್ದಿ ತೆಗೆದಂತೆ ಹಳದಿಯಾಗಿತ್ತು. ಅದು ಅರಿಸಿನವಲ್ಲ, ತಂಬಾಕು. ಬೀಡಿ ಸುತ್ತಿ ಅದರ ಬಾಯಿ ಮಡಚಲು ಬೇರೆ ಹೆಂಗಸರು ತಗಡಿನ ಚೂರು ಹಿಡಿದುಕೊಂಡರೆ ಈಕೆ ಉಗುರನ್ನೇ ಬೆಳೆಸಿಕೊಂಡಿದ್ದಳು. ಮಡಿಲಲ್ಲಿ ಮೊರ, ಮೊರದಲ್ಲಿ ನೆನೆಸಿ ಕತ್ತರಿಸಿದ ಎಲೆ, ಪಕ್ಕದಲ್ಲಿ ದಾರದ ಉಂಡೆ. ಹೊಸ್ತಿಲ ಮೇಲೆ ಕೂತಳೆಂದರೆ ಕೈ ತನ್ನ ಪಾಡಿಗೆ ಬೀಡಿ ಸುತ್ತುತ್ತಿತ್ತು, ಬಾಯಿ ಇಡೀ ಓಣಿಯ ಸಮಾಚಾರ ತೆಗೆದುಕೊಳ್ಳುತ್ತಿತ್ತು.

ಭೋಜದಿಂದ ತುಸು ಆಚೆ, ದೂಧಗಂಗೆಯ ದಂಡೆಯ ಮೇಲೆ ನಮ್ಮ ಊರು. ಆಕೆ ನನಗೆ ರಕ್ತಸಂಬಂಧಿಯಲ್ಲ, ಎದುರು ಮನೆಯವಳು. ಅವ್ವ ಹೊಲದಿಂದ ಬರುವುದು ತಡವಾದ ದಿನ ನಾನು ಉಂಡದ್ದು ಆಕೆಯ ರೊಟ್ಟಿ, ತಲೆ ಬಾಚಿಸಿಕೊಂಡದ್ದು ಆಕೆಯ ಕೈಯಲ್ಲಿ. ಹಾಗಾಗಿ ಚಿಗವ್ವ. ನಾನು ಇವತ್ತು ಚಿಕ್ಕೋಡಿಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೇನೆ. ಮಕ್ಕಳ ಮುಂದೆ ದನಿ ಏರಿಸದೆ ಮಾತಾಡಬೇಕು ಎಂದು ನಮಗೆ ತರಬೇತಿ ಕೊಟ್ಟಿದ್ದಾರೆ. ಚಿಗವ್ವನ ವಿಷಯ ಬಂದಾಗ ಮಾತ್ರ ಆ ತರಬೇತಿ ನನಗೆ ಉಪಯೋಗಕ್ಕೆ ಬರುವುದಿಲ್ಲ.

ಆಕೆಯ ಗಂಡ ಸಣ್ಣ ವಯಸ್ಸಿನಲ್ಲೇ ಹೋದ. ಮಕ್ಕಳಿರಲಿಲ್ಲ. ವರ್ಷ ತುಂಬುವುದರೊಳಗೆ ಊರ ಹಿರಿಯರು ಕೂತು ಪಾಲು ಮಾಡಿದರು. ಗಂಡನ ಅಣ್ಣನಿಗೆ ಮುಂದಿನ ಮನೆ, ಈಕೆಗೆ ಹಿಂದಿನ ಖೋಲಿ, ಬೇರೆ ಒಲೆ. ನಮ್ಮ ಕಡೆ ಒಲೆ ಬೇರೆಯಾಯಿತೆಂದರೆ ಮನೆ ಬೇರೆಯಾದಂತೆ. ಯಾರೂ ಕಾಗದ ಕೇಳುವುದಿಲ್ಲ. ಉತಾರೆಯಲ್ಲಿ, ಅಂದರೆ ಮನೆಯ ಸರ್ಕಾರಿ ದಾಖಲೆಯಲ್ಲಿ, ಮಾತ್ರ ಅಣ್ಣನ ಹೆಸರೊಂದೇ ಉಳಿಯಿತು. ಅದರಿಂದ ಏನಾಗುತ್ತದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಗಂಡನ ಅಣ್ಣನ ಮುಂದೆ ಸೊಸೆ ಮಾತಾಡಬಾರದು. ಇದು ನಮ್ಮ ಊರಿನ ದೊಡ್ಡ ಮನೆತನಗಳ ರಿವಾಜು. ಅಂಗಳಕ್ಕೆ ಕಾಲಿಡುವ ಮೊದಲು ಭಾವ ಕೆಮ್ಮುತ್ತಿದ್ದ. ಕೆಮ್ಮು ಕೇಳಿದ ಕೂಡಲೇ ಓಣಿಯ ಗಂಡಸರನ್ನೆಲ್ಲ ಕಾಡಿಸುತ್ತ ಕೂತಿದ್ದ ಚಿಗವ್ವ ಸೆರಗು ಎಳೆದುಕೊಂಡು ಕಂಬದ ಹಿಂದೆ ಸರಿಯುತ್ತಿದ್ದಳು. ಆದರೆ ಒಂದೇ ಅಂಗಳದಲ್ಲಿ ಇದ್ದವರು ಮಾತಿಲ್ಲದೆ ಬಾಳುವುದು ಹೇಗೆ? ಅದಕ್ಕೆ ಆಕೆ ದಾರಿ ಕಂಡುಕೊಂಡಿದ್ದಳು. ಭಾವನಿಗೆ ಹೇಳಬೇಕಾದದ್ದನ್ನೆಲ್ಲ ಅಂಗಳದಲ್ಲಿ ಕಟ್ಟಿದ್ದ ಎಮ್ಮೆಗೆ ಹೇಳುತ್ತಿದ್ದಳು.

"ನೋಡ ಬೇ, ನಿನ್ನ ಮಾಲಕರು ಇವತ್ತೂ ಹಸಿ ಮೇವ ತಂದಿಲ್ಲ. ಚಾದ ಅಂಗಡ್ಯಾಗ ಕೂತ್ರ ಮೇವ ತಾನ ನಡಕೋಂತ ಬರತೈತೇನ?"

ಭಾವ ಮುಖ ಬೇರೆ ಕಡೆ ತಿರುಗಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದ. ಅರ್ಧ ಗಂಟೆಯಲ್ಲಿ ಮೇವು ಬರುತ್ತಿತ್ತು. ಜೋಳ ಬೀಸಿಸುವುದು, ಸೂರು ಸೋರುವುದು, ಬೀಗರು ಬಂದದ್ದು, ಎಲ್ಲವೂ ಎಮ್ಮೆಯ ಮೂಲಕವೇ ತೀರುತ್ತಿತ್ತು. ಓಣಿಯಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸುತ್ತಿರಲಿಲ್ಲ. ನಮ್ಮವ್ವನೂ ತನ್ನ ಮಾವನ ಹತ್ತಿರ ಗೋಡೆಗೆ ಹೇಳಿಯೇ ಮಾತಾಡಿದವಳು. ಎಮ್ಮೆ ವಾಸಿ, ತಲೆಯಾದರೂ ಅಲ್ಲಾಡಿಸುತ್ತದೆ ಎಂದು ಚಿಗವ್ವ ನಗುತ್ತಿದ್ದಳು.

ಆಮೇಲೆ ಹೊಳೆ ಬಂತು. ಪ್ರವಾಹ ಎನ್ನುವುದು ಪೇಪರಿನವರ ಮಾತು, ನಮ್ಮಲ್ಲಿ ಹೊಳೆ ಬರುತ್ತದೆ ಅಷ್ಟೇ. ಆ ವರ್ಷ ಬಂದದ್ದು ಹಿರಿಯರೂ ಕಂಡಿರದ ಹೊಳೆ. ನೀರು ಇಳಿದ ಮೇಲೆ ಅವ್ವನ ಮನೆಯ ರಾಡಿ ತೆಗೆಯಲು ನಾನು ಚಿಕ್ಕೋಡಿಯಿಂದ ಹೋಗಿದ್ದೆ. ಎದುರು ಮನೆಯ ಮುಂಭಾಗದ ಗೋಡೆಗಳು ಬಿರುಕು ಬಿಟ್ಟು ನಿಂತಿದ್ದವು. ಹೊಳೆಯ ಕಡೆಗಿದ್ದ ಚಿಗವ್ವನ ಖೋಲಿ ಮಾತ್ರ ನೆನೆದು ಕೂತುಬಿಟ್ಟಿತ್ತು. ಅಲ್ಲೊಂದು ಮನೆ ಇತ್ತು ಎನ್ನಲು ಕರಿಹಿಡಿದ ಒಲೆಯ ಮೂಲೆಯೊಂದೇ ಉಳಿದಿತ್ತು.

ಬಿದ್ದ ಮನೆಗಳ ಸರ್ವೆಗೆ ದಕ್ಷಿಣದ ಕಡೆಯ ಅಧಿಕಾರಿಯೊಬ್ಬ ಬಂದ. ಜೊತೆಗೆ ಗ್ರಾಮ ಲೆಕ್ಕಿಗ. ನಮ್ಮವರು ಈಗಲೂ ಅವನನ್ನು ತಲಾಠಿ ಎಂದೇ ಕರೆಯುತ್ತಾರೆ. ಪಕ್ಕದ ಹಳ್ಳಿಯವನು, ನಮ್ಮ ಓಣಿಯ ಪ್ರತಿ ಒಲೆಯನ್ನೂ ಬಲ್ಲವನು. ಅಧಿಕಾರಿ ಅಂಗಳದಲ್ಲಿ ನಿಂತು ಯಾರ ಮನೆ ಎಂದ. ಭಾವ ನಂದು ಎಂದ. ಅಧಿಕಾರಿ ಬರೆದುಕೊಳ್ಳತೊಡಗಿದ. ಆಗ ಕಂಬದ ಹಿಂದಿನಿಂದ ದನಿ ಬಂತು.

"ಹೇಳ ಬೇ ಸಾಹೇಬರಿಗೆ, ಹಿಂದಿನ ಖೋಲಿ ನಂದು. ನನ್ನ ಒಲಿ ಬ್ಯಾರೆ ಐತಿ. ಒಮ್ಮೆ ಹಿಂದ ಹೋಗಿ ನೋಡ್ರಿ ಅಂತ ಹೇಳ."

ಅಧಿಕಾರಿ ಕಂಬವನ್ನು ನೋಡಿದ, ಎಮ್ಮೆಯನ್ನು ನೋಡಿದ. "ಏನಮ್ಮ, ಎಮ್ಮೆ ಜೊತೆ ಮಾತಾಡ್ತಿದ್ದೀರಾ?" ಎಂದು ನಕ್ಕ. ತಲಾಠಿಯ ಕಡೆ ತಿರುಗಿ, "ಈಯಮ್ಮಂಗೆ ತಲೆ ಸರಿ ಇಲ್ವಾ?" ಎಂದು ಕೇಳಿದ.

ಅವನು ಹೊರಗಿನವನು, ಗೊತ್ತಿರಲಿಲ್ಲ ಎನ್ನೋಣ. ತಲಾಠಿಗೆ ಗೊತ್ತಿತ್ತು. ಭಾವನಿಗೆ ಗೊತ್ತಿತ್ತು. ಅಂಗಳದಲ್ಲಿ ನಿಂತ ಅಷ್ಟೂ ಗಂಡಸರಿಗೆ ಗೊತ್ತಿತ್ತು. ಅವರ ಮರ್ಯಾದೆ ಕಾಯಲೆಂದೇ ಆಕೆ ಎಮ್ಮೆಯನ್ನು ಮಾತಾಡಿಸುತ್ತಿದ್ದಾಳೆ ಎಂದು ಹೇಳಲು ಒಬ್ಬನೂ ಬಾಯಿ ಬಿಡಲಿಲ್ಲ. ಭಾವ ನೆಲ ನೋಡಿದ. ತಲಾಠಿ ಹಲ್ಲು ಕಿರಿದು, "ಗಂಡ ಸತ್ತಾನ್ರಿ, ಒಬ್ಬಾಕೀನ ಇರತಾಳ" ಎಂದ. ಹೌದೂ ಅಲ್ಲ, ಅಲ್ಲವೂ ಅಲ್ಲ. ನಾನು ರಾಡಿಗೈಯಲ್ಲೇ ಓಡಿಹೋಗಿ, "ಹುಚ್ಚಿಲ್ರಿ ಆಕಿಗಿ, ಆಕಿ ಮನೀನ ಬ್ಯಾರೆ" ಎಂದೆ. "ನೀವು ಈ ಮನೆಯವರಾ?" ಎಂದ ಅಧಿಕಾರಿ. ಅಲ್ಲ ಎಂದೆ. "ಹಾಗಿದ್ರೆ ದಯವಿಟ್ಟು ಸುಮ್ಮನಿರಿ." ಹುಚ್ಚಿಯಾದರೆ ಮನೆ ಬೇಡವೇ, ಹುಚ್ಚರು ಮಳೆಯಲ್ಲಿ ನೆನೆಯಬಹುದೇ ಎಂದು ನಾನು ಕೇಳುವಷ್ಟರಲ್ಲಿ ಅವರು ಪಕ್ಕದ ಅಂಗಳಕ್ಕೆ ದಾಟಿದ್ದರು. ಹಿಂದೆ ಹೋಗಿ ಯಾರೂ ನೋಡಲಿಲ್ಲ.

ಒಂದು ಮನೆ, ಒಂದು ಪರಿಹಾರ. ಅದು ಭಾವನ ಹೆಸರಿಗೆ ಬಂತು. ನಾನು ಚಿಗವ್ವನನ್ನು ನಿಪ್ಪಾಣಿಯ ಕಚೇರಿಗೆ ಕರೆದುಕೊಂಡು ಹೋದೆ. ಕಿಟಕಿಯ ಆಚೆಗಿನವನು ಕುಟುಂಬಕ್ಕೆ ಒಂದೇ ಮನೆ ಎಂದ. ಕೈಯಲ್ಲಿ ಮೊರವಿಲ್ಲದ್ದಕ್ಕೋ ಏನೋ, ಚಿಗವ್ವ ಸೆರಗಿನ ತುದಿಯನ್ನು ಬೀಡಿಯಂತೆ ಸುತ್ತುತ್ತ ನಿಂತಿದ್ದಳು.

"ಕುಟುಂಬ ಅಂದ್ರ ಯಾರ್ರಿ? ಒಂದ ಗಡಿಗ್ಯಾಗಿಂದು ಉಣ್ಣಾವರೋ, ಒಂದ ಕಾಗದದಾಗ ಇರಾವರೋ?"

 ಉತ್ತರ ಗೊತ್ತಿಲ್ಲದವರ ಹಳೆಯ ಅಸ್ತ್ರವನ್ನೇ ಅವನು ಬಳಸಿದ: ಮನೆ ಯಜಮಾನರನ್ನು ಕರೆದುಕೊಂಡು ಬಂದು ಹೇಳಿಸಿ ಎಂದ. ಯಾರ ಮುಂದೆ ಬಾಯಿ ತೆರೆಯುವಂತಿಲ್ಲವೋ ಅವನ ಬಾಯಿಂದಲೇ ಹೇಳಿಸಬೇಕು. ಬಸ್ಸಿನಲ್ಲಿ ತಿರುಗಿ ಬರುವಾಗ ಆಕೆ ಕಿಟಕಿಯಾಚೆ ಕಬ್ಬು ನೋಡುತ್ತ, "ಹೊಳಿ ಎಲ್ಲಾರ ಮನಿಗೂ ಬರತೈತವ್ವಾ. ಸರ್ಕಾರ ಮಾತ್ರ ಬಾಗಲಾ ನೋಡಿ ಬರತೈತಿ" ಎಂದಳು.

ಭಾವ ರಾಕ್ಷಸನಲ್ಲ. ರಾಕ್ಷಸನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಜಾತ್ರೆಗೆ ಸೀರೆ ತರುತ್ತಿದ್ದ, ಜ್ವರ ಬಂದರೆ ಡಾಕ್ಟರನ್ನು ಕರೆಸುತ್ತಿದ್ದ. ಬಂದ ಹಣಕ್ಕೆ ಸಾಲ ಕೂಡಿಸಿ ಮುಂದೆ ಸ್ಲ್ಯಾಬಿನ ಮನೆ ಕಟ್ಟಿದ. ಒಳಗೇ ಇರು ಎಂದು ಹೆಂಡತಿಯ ಕೈಲಿ ಹೇಳಿಸಿದ ಕೂಡ. ಚಿಗವ್ವ ಒಪ್ಪಲಿಲ್ಲ. "ಅವರ ಒಲಿ ಮುಂದ ಕೂತ ಉಂಡ್ರ ನಂದೊಂದ ಒಲಿ ಇತ್ತು ಅನ್ನೂದು ನನಗೂ ಮರತ ಹೊಕ್ಕೈತಿ" ಎಂದು ಹೊಳೆಗೆ ಬೀಳದೆ ಉಳಿದಿದ್ದ ಹಿತ್ತಲಿನ ದನದ ಕೊಟ್ಟಿಗೆಗೆ ಹೋದಳು. ಎಮ್ಮೆ ಒಂದು ಕಡೆ, ಈಕೆ ಒಂದು ಕಡೆ, ನಡುವೆ ಗೋಣಿತಟ್ಟಿನ ಪರದೆ. ಮೊದಲ ದಿನವೇ ಒಲೆ ಹೂಡಿ, ಸಾರಿಸಿ, ನನಗೆ ಫೋನ್ ಮಾಡಿಸಿ ಊಟಕ್ಕೆ ಕರೆದಳು.

ಹೊಳೆ ಮತ್ತೆ ಬಂತು. ಈ ಸಲ ಸ್ಲ್ಯಾಬಿನ ಮನೆ ಅಲುಗಲಿಲ್ಲ. ಕೊಟ್ಟಿಗೆಯ ಎರಡು ಗೋಡೆ ಬಿದ್ದವು, ಎಮ್ಮೆ ಕೊಚ್ಚಿಕೊಂಡು ಹೋಯಿತು. ಊರಿನ ಅರ್ಧ ಜನರನ್ನು ಎತ್ತರದ ಶಾಲೆಯಲ್ಲಿ ಇರಿಸಿದ್ದರು. ಟೀಚರ್ ಎಂದು ನನ್ನನ್ನೂ ಅಲ್ಲಿಗೆ ಕೆಲಸಕ್ಕೆ ಹಾಕಿದ್ದರು. ನೀರು ಇಳಿದು ಸರ್ವೆಗೆ ಹೊಸ ಅಧಿಕಾರಿ ಬಂದಾಗ ಶಾಲೆಯ ಅಂಗಳದಲ್ಲಿ ಇಡೀ ಊರು ನಿಂತಿತ್ತು, ತಲಾಠಿಯೂ ಇದ್ದ. ಚಿಗವ್ವ ಹೆಂಗಸರ ಸಾಲಿನಿಂದ ಎದ್ದು ನೇರವಾಗಿ ಭಾವನ ಎದುರು ಹೋಗಿ ನಿಂತಳು. ಸೆರಗು ತಲೆಯಿಂದ ಜಾರಿತ್ತೋ ಜಾರಿಸಿದ್ದಳೋ, ಕೂದಲು ಪೂರಾ ಬೆಳ್ಳಗಾಗಿದ್ದನ್ನು ನಾನು ನೋಡಿದ್ದು ಅವತ್ತೇ.

"ಭಾವನೋರ, ಇಲ್ಲಿ ನೋಡ್ರಿ. ಇಷ್ಟ ವರ್ಷ ನಿಮ್ಮ ಮುಂದ ಬಾಯಿ ತಗೀಲಿಲ್ಲ. ಅದು ನಾ ನಿಮಗ ಕೊಟ್ಟ ಮರ್ಯಾದಿ. ನೀವು ಅದನ್ನ ನನ್ನ ಹುಚ್ಚು ಅಂತ ಅನ್ನಾಕ ಬಿಟ್ರಿ. ಈಗ ಸಾಹೇಬರ ಮುಂದ ಹೇಳ್ರಿ, ನನ್ನ ಮನಿ ಬ್ಯಾರೆ ಇತ್ತೋ ಇಲ್ಲೋ?"

  ಭಾವ ಅಧಿಕಾರಿಯ ಕಡೆ ತಿರುಗಿ, "ಇತ್ರಿ ಸಾಹೇಬ್ರ. ಬ್ಯಾರೇನ ಇತ್ತು" ಎಂದ.

ಇಷ್ಟಾದರೆ ಸಾಕು, ಇನ್ನು ಆಯಿತು ಎಂದು ನಾನು ಅಂದುಕೊಂಡೆ. ಅಧಿಕಾರಿ ಒಳ್ಳೆಯವನಂತೆಯೇ ಇದ್ದ, ಸಮಾಧಾನವಾಗಿಯೇ ಹೇಳಿದ. ಆಗಿನ ಸರ್ವೆ ಮುಗಿದು ಹೋಗಿದೆ, ಅದನ್ನು ತೆರೆಯಲು ಬರುವುದಿಲ್ಲ. ಈಗ ಬಿದ್ದದ್ದು ದನದ ಕೊಟ್ಟಿಗೆ, ವಾಸದ ಮನೆಯಲ್ಲ.

"ನಾ ವಾಸಾ ಇದ್ನೆಲ್ರಿ ಅದರಾಗ?"

"ಇರಬಾರದಿತ್ತಮ್ಮ" ಎಂದ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗಳ ಸಾಲೇ ಇತ್ತು. ಮೊದಲ ಸಲ ಮನೆ ಎಣಿಸಲಿಲ್ಲ, ಆದ್ದರಿಂದ ಕೊಟ್ಟಿಗೆಗೆ ಹೋದಳು; ಕೊಟ್ಟಿಗೆಯಲ್ಲಿದ್ದಳು, ಆದ್ದರಿಂದ ಎರಡನೆಯ ಸಲವೂ ಎಣಿಸಲಿಲ್ಲ. ಕೊಟ್ಟಿಗೆಗೆ ಪರಿಹಾರ ಬಂತು. ಎಮ್ಮೆಗೂ ಬಂತು. ಎರಡೂ ಭಾವನ ಹೆಸರಿಗೆ. ಸತ್ತ ಎಮ್ಮೆಯನ್ನು ಲೆಕ್ಕಕ್ಕೆ ಹಿಡಿದ ಸರ್ಕಾರ ಅದರ ಪಕ್ಕದಲ್ಲಿ ಮಲಗುತ್ತಿದ್ದ ಮನುಷ್ಯಳನ್ನು ಹಿಡಿಯಲಿಲ್ಲ. 

ನಾನು ಅರ್ಜಿ ಹಾಕಿದೆ, ಜಗಳ ಆಡಿದೆ, ನಿಪ್ಪಾಣಿಗೂ ಬೆಳಗಾವಿಗೂ ಅಲೆದೆ. ಚಿಕ್ಕೋಡಿಯಲ್ಲಿ ನನ್ನ ಜೊತೆಗೇ ಇರು ಎಂದು ಕರೆದೆ. "ನಾ ಊರ ಬಿಟ್ಟ ಬಂದ್ರ, ನನ್ನ ಮನೀನ ಇರಲಿಲ್ಲ ಅಂತ ಅವರು ಹೇಳಿದ್ದ ಖರೆ ಆಕ್ಕೈತಿ" ಎಂದಳು. ಬಿದ್ದ ಗೋಡೆಗಳ ಜಾಗಕ್ಕೆ ತಗಡು ಕಟ್ಟಿ, ಸಂದಿಗೆ ಕಬ್ಬಿನ ಒಣ ಎಲೆಯ ರವದಿ ತುರುಕಿ ಅಲ್ಲೇ ಇದ್ದಳು. ಆ ಥಂಡಿಯಲ್ಲಿ ಎದೆ ಕಟ್ಟಿತು. ಚಿಕ್ಕೋಡಿಯ ಆಸ್ಪತ್ರೆಗೆ ತರುವಷ್ಟರಲ್ಲಿ ತಡವಾಗಿತ್ತು.

ಊರಿಗೆ ಒಯ್ದಾಗ ಭಾವನ ಮನೆಯ ಕಟ್ಟೆ ತೊಳೆದು ಚಾಪೆ ಹಾಸಿದ್ದರು. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸಿ, ಹೂ ಹಾಕಿ ದರ್ಶನಕ್ಕೆ ಬಿಡುತ್ತಾರೆ. ದೊಡ್ಡ ಮನೆತನದ ಸೊಸೆ, ಮುಂಬಾಗಿಲಲ್ಲೇ ಕೂಡಿಸಬೇಕು ಎಂದು ಹಿರಿಯರು ನಿಶ್ಚಯಿಸಿಬಿಟ್ಟಿದ್ದರು. ಅಷ್ಟು ದಿನ ಎಲ್ಲಿತ್ತೋ ಆ ದೊಡ್ಡ ಮನೆತನ. ನಾನು ಗಾಡಿಯ ಬಾಗಿಲಿಗೆ ಅಡ್ಡ ನಿಂತೆ.

"ಆ ಕಟ್ಟಿ ಮ್ಯಾಲ ಆಕಿ ಜೀವಂತ ಇದ್ದಾಗ ಒಂದ ದಿನಾ ಕೂತಿಲ್ರಿ. ಇವತ್ತೂ ಕೂಡಸೂದು ಬ್ಯಾಡ."

 ಬೀಡಿ ಸುತ್ತುವ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು ಕೈ ಕೊಟ್ಟರು. ಹಿತ್ತಲಿಗೆ ಒಯ್ದು, ನಿಂತಿದ್ದ ಗೋಡೆಗೆ ಒರಗಿಸಿ, ಆಕೆಯ ಒಲೆಯ ಪಕ್ಕದಲ್ಲಿ ಕೂಡಿಸಿದೆವು. ಊರೆಲ್ಲ ಮುಂದಿನ ಮನೆ ಬಳಸಿಕೊಂಡು ಹಿಂದೆ ಬರಬೇಕಾಯಿತು. ಭಾವನೂ ಹಾಗೆಯೇ ಬಂದು ಮೂಲೆಯಲ್ಲಿ ಕೂತ.

ಮಧ್ಯಾಹ್ನದ ಹೊತ್ತಿಗೆ ಹಾರ ಹಿಡಿದುಕೊಂಡು ತಲಾಠಿ ಬಂದ. ತಗಡಿನ ಸಂದಿಯಲ್ಲಿ ಒಂದು ಕಾಲು ಒಳಗಿಟ್ಟು, "ಏನ್ರಿ ಇದು, ಕೊಟ್ಟಿಗ್ಯಾಗ ಕೂಡಸೇರಲ್ರಿ" ಎಂದ.

ನಮ್ಮವ್ವ ತಲೆ ಎತ್ತಿ ನೋಡಿದಳು. "ಕೊಟ್ಟಿಗಿ ಅಲ್ಲ ತಮ್ಮಾ, ಆಕಿ ಮನಿ. ಚಪ್ಪಲಿ ಹೊರಗ ಬಿಟ್ಟ ಬಾ."

ಅವನು ಸುತ್ತ ನೋಡಿದ.  ಒಳಗಿಟ್ಟ ಕಾಲನ್ನು ಹಿಂದೆ ತೆಗೆದುಕೊಂಡು, ಬಗ್ಗಿ, ಚಪ್ಪಲಿ ಬಿಟ್ಟ.