ಬರಿಗಾಲಿನ ಅಳತೆ

ಕಲ್ಲೂರಿನ ಹಮಾಲ ಸುಂಕಪ್ಪ ದೊಡ್ಡವರ ಮುಂದೆ ಎಂದೂ ಚಪ್ಪಲಿ ಮೆಟ್ಟಿ ನಿಂತವನಲ್ಲ. ಹುಟ್ಟುಗುಣ ಅಂತಾರೆ ಜನ. ಸುಳ್ಳು, ಬಡಿದು ಕಲಿಸಿದ ಗುಣ ಅದು. ಅವನ ಅಪ್ಪ ಸಾಹುಕಾರರ ಓಣಿಯನ್ನು ಚಪ್ಪಲಿ ಕೈಯಲ್ಲಿ ಹಿಡಿದೇ ದಾಟುತ್ತಿದ್ದ. ಮಗ ಅಷ್ಟು ಮಾಡಲಿಲ್ಲ, ಬಾಗಿಲಲ್ಲಿ ಬಿಡುತ್ತಿದ್ದ.

ಸಿರವಾರದಲ್ಲಿ ಹಂಪಣ್ಣ ಸಾಹುಕಾರರ ಅಕ್ಕಿ ಗಿರಣಿ. ಅಲ್ಲಿ ಭತ್ತದ ಚೀಲಗಳ ರಾಶಿ ಕುಸಿದು ಸುಂಕಪ್ಪನ ಬಲಗಾಲು ನುಚ್ಚುನೂರಾಯಿತು. ಡಾಕ್ಟರು ತೊಡೆಯ ಅರ್ಧಕ್ಕೆ ಕತ್ತರಿಸಿದರು. ಹಂಪಣ್ಣ ನೋಡಲು ಬಂದರು.

"ಕಾಲು ಹಾಕಿಸ್ಕೊಂಡು ಬಾರಲೇ. ಗೇಟಿನಿಂದ ಗೋದಾಮಿನ ತನಕ ನಡೆದು ತೋರ್ಸು, ವಾಚ್‌ಮನ್ ಕೆಲಸ ನಿಂದೇ."

ಹೆಂಡತಿ ಗೋಪಮ್ಮ ಒಬ್ಬಳ ಕೂಲಿಯಲ್ಲಿ ಮನೆ ನಡೆಯುತ್ತಿರಲಿಲ್ಲ. ಸುಂಕಪ್ಪ ಆ ಮಾತನ್ನೇ ನಂಬಿಕೊಂಡು ರಾಯಚೂರಿಗೆ ಹೋದ.

ಅಲ್ಲಿಯ ಕೃತಕ ಕಾಲಿನ ಶಿಬಿರದಲ್ಲಿ ಅನುರಾಧಾ ಎಂಬಾಕೆ ನಡೆಯಲು ಕಲಿಸಿದಳು. ಕತ್ತರಿಸಿದ್ದು ತೊಡೆಯಲ್ಲಾದ್ದರಿಂದ ಮೊಣಕಾಲೂ ಕಬ್ಬಿಣದ್ದೇ. ಸೊಂಟದಿಂದ ಕಾಲು ಮುಂದಕ್ಕೆ ಬೀಸಬೇಕು, ಮೊಣಕಾಲು ನೆಟ್ಟಗಾಗಬೇಕು, ಹಿಮ್ಮಡಿ ಊರಬೇಕು, ಆಮೇಲೆ ಮೈಭಾರ. ಚೂರು ತಪ್ಪಿದರೆ ಮೊಣಕಾಲು ಮಡಚಿ ಬೋರಲು ಬೀಳುವುದೇ. ಬಿದ್ದ, ಎದ್ದ, ತೊಡೆಯ ತುದಿ ಹುಣ್ಣಾಯಿತು, ಕಡೆಗೂ ಕಲಿತ.

ಕಾಲನ್ನು ಕೊನೆಯದಾಗಿ ಬಿಗಿಯುವ ದಿನ ಅನುರಾಧಾ ಕೇಳಿದಳು: "ದಿನಾ ಕಾಲಾಗ ಏನ್ ಹಾಕ್ಕೋತೀರಿ? ಅದನ್ನ ಹಾಕ್ಕೊಂಡ್ ಬರ್ರಿ. ಅದರ ಹಿಮ್ಮಡಿ ಎತ್ತರ ನೋಡೇ ಕಾಲು ಕೂಡಿಸ್ಬೇಕು."

ಸಪಾಟಾದ ಹವಾಯಿ ಚಪ್ಪಲಿ ಹೊರಗಿತ್ತು. ಮೇಡಮ್ಮರ ಮುಂದೆ, ಅದೂ ಒಳಗೆ, ಮೆಟ್ಟಿಕೊಂಡು ನಿಲ್ಲುವುದುಂಟೇ?

"ಬರಿಗಾಲಾಗೇ ನಡೀತೀನ್ರಿ ಯವ್ವಾ."

"ಹಂಗಾರ ಹಿಮ್ಮಡಿ ಎತ್ತರಿರೋ ಬೂಟು ಹಾಕ್ಬ್ಯಾಡ್ರಿ ಮತ್ತ. ಮೊಣಕಾಲು ಮಡಚತದ."

"ನನಗ್ಯಾರು ಬೂಟು ಕೊಡ್ತಾರ್ರಿ!" ಎಂದು ನಕ್ಕ.

ಹಂಪಣ್ಣ ಕೊಟ್ಟರು. ಖಾಕಿ ಬಟ್ಟೆ, ದಪ್ಪ ಹಿಮ್ಮಡಿಯ ಕರಿ ಬೂಟು. ಗಿರಣಿಯ ಗೇಟಿನಲ್ಲಿ ಹಮಾಲರೆಲ್ಲ ನೋಡಲು ಸೇರಿದ್ದರು.

"ಬ್ಯಾಡ್ರಿ ಸಾವ್ಕಾರ್ರ, ನಿಮ್ಮ ಮುಂದ ಬೂಟು..."

"ಹಾಕ್ಕೋಲೇ ಅಂದ್ರ!"

ದೊಡ್ಡವರ ಮಾತು ಮೀರುವುದನ್ನು ಸುಂಕಪ್ಪನಿಗೆ ಯಾರೂ ಕಲಿಸಿರಲಿಲ್ಲ. ಹಾಕಿಕೊಂಡ. ಎಡಗಾಲು ಇಟ್ಟ, ಬಲಗಾಲು ಬೀಸಿ ಭಾರ ಹಾಕಿದ. ಮೊಣಕಾಲು ಮಡಚಿತು. ಗಲ್ಲ ಕಾಂಕ್ರೀಟಿಗೆ ಬಡಿದು ಬಾಯಿ ತುಂಬ ರಕ್ತ. ಒಬ್ಬ ಕಿಸಕ್ಕೆಂದ, ಆಮೇಲೆ ಎಲ್ಲರೂ ನಕ್ಕರು.

"ಮುಂಜಾನಿಂದ ಕುಡಿಯಾಕತ್ತಾನೇನಲೇ ಇವ?" ಎಂದರು ಹಂಪಣ್ಣ.

ಗುಂಪಿನ ಹಿಂದೆ ನಿಂತಿದ್ದ ಗೋಪಮ್ಮ ಓಡಿ ಬಂದಳು. "ಬೂಟು ಬಿಚ್ಚಿದ್ರ ನಡೀತಾನ್ರಿ ಯಪ್ಪಾ!" ಎಂದು ತಾನೇ ಬೂಟಿನ ಲೇಸು ಬಿಚ್ಚಿ ಕಿತ್ತಳು. ಸುಂಕಪ್ಪ ಎದ್ದು ಬರಿಗಾಲಲ್ಲಿ ಗೋದಾಮಿನ ತನಕ ಹೋಗಿ ತಿರುಗಿ ಬಂದ. ಸ್ವಂತ ಕಾಲಿನಷ್ಟೇ ಚೆಂದದ ನಡಿಗೆ. ನಕ್ಕವರೇ ದಾರಿ ಬಿಟ್ಟರು.

ಹಂಪಣ್ಣ ಅವನ ಪಾದ ನೋಡಿದರು. "ಬರಿಗಾಲಿನವನ್ನ ಗೇಟಿಗೆ ನಿಲ್ಸಿದ್ರ ಬಂದವ್ರು ಏನಂತಾರ? ನನಗೂ ಮರ್ಯಾದಿ ಅದ."

"ರಾಯಚೂರಿಗೆ ಹೋಗಿ ಮತ್ತ ಕೂಡಿಸ್ಕೊಂಡು ಬರ್ತೀನ್ರಿ."

"ಅಲ್ಲಿತನ ಗೇಟು ನಿಮ್ಮಪ್ಪ ಕಾಯ್ತಾನೇನು?"

ತಲೆಮಾರುಗಟ್ಟಲೆ ಮೆಟ್ಟು ಬಿಡಿಸಿದವರಿಗೆ ಇಂದು ಬರಿಗಾಲು ಅವಮಾನವಾಯಿತು. ಥೂ, ಇವರ ಮರ್ಯಾದೆಗಿಷ್ಟು. ಖಾಕಿ ಬಟ್ಟೆಯನ್ನೂ ಅಲ್ಲೇ ಬಿಚ್ಚಿಸಿಕೊಂಡರು.

ಬರುವಾಗ ಗೇಟಿನಲ್ಲಿ ಬಿಟ್ಟಿದ್ದ ಹವಾಯಿ ಚಪ್ಪಲಿಗಳನ್ನು ಸುಂಕಪ್ಪ ಬಗ್ಗಿ ಕೈಗೆತ್ತಿಕೊಂಡ. ಗಿರಣಿಯ ಗೋಡೆ ಮುಗಿಯುವ ತನಕ ಅವನ್ನು ಹಾಕಿಕೊಳ್ಳಲಿಲ್ಲ.