ಚಿಕ್ಕರಂಗಯ್ಯನ ಸಿನಿಮಾ ನಾನು ನೋಡಿಲ್ಲ

ಬರಗೂರಿನ ಚಿಕ್ಕರಂಗಯ್ಯನಿಗೆ ಈಗ ತೊಂಬತ್ತು ದಾಟಿದೆ. ನನಗೂ ಅಷ್ಟೇ. ಆದರೆ ಹಾರ, ಶಾಲು, ಮೈಸೂರು ಪೇಟ ಎಲ್ಲ ಅವನಿಗೆ. ನನಗೆ ಮಂಡಿನೋವು. ಹೊಟ್ಟೆಕಿಚ್ಚು ಎಂದರೆ ಎನ್ನಿ, ಇರುವುದು ಅದೇ.

ಇಬ್ಬರೂ ಒಂದೇ ನಾಟಕದ ಮೇಷ್ಟ್ರ ಹತ್ತಿರ ಕಲಿತವರು. ಅವನು ಪಾತ್ರ ಮಾಡುತ್ತಿದ್ದ, ನಾನು ಪರದೆಯ ಮಗ್ಗುಲಲ್ಲಿ ನಿಂತು ಮಾತು ಮರೆತವರಿಗೆ ಹೇಳಿಕೊಡುತ್ತಿದ್ದೆ. ಅವನು ಮರೆಯದ ನಾಟಕವೇ ಇರಲಿಲ್ಲ. ಎಡಗಿವಿ ಬೇರೆ ಮಂದ, ಅವನಿಗೋಸ್ಕರ ನಾನು ಬಲಗಡೆಯೇ ನಿಲ್ಲಬೇಕಿತ್ತು. ಅಂಥವನನ್ನು ಸಿನಿಮಾಕ್ಕೆ ಮಾತು ಬರೆಯಲು ಮದರಾಸು ಕರೆಯಿತು. ಹಲ್ಲಿದ್ದವನಿಗೆ ಕಡಲೆ ಇಲ್ಲ ಎನ್ನುವುದು ಇದಕ್ಕೇ.

ಅವನನ್ನು ಅಲ್ಲಿಗೆ ಕರೆಸಿದ್ದು ಅವನ ತೆಲುಗು. ಪಾವಗಡದ ಸೋದರತ್ತೆ ಮನೆಯಲ್ಲಿ ಬೆಳೆದವನಿಗೆ ಎರಡೂ ಭಾಷೆ ನಾಲಿಗೆ ತುದಿಯಲ್ಲಿದ್ದವು. ಆಗ ಅವನು ಕೆಲಸಕ್ಕಿದ್ದ ಸ್ಟುಡಿಯೋದಲ್ಲಿ ಒಂದೇ ಕಥೆಯನ್ನು ಒಂದೇ ಸೆಟ್ಟಿನಲ್ಲಿ ಬೆಳಗ್ಗೆ ತೆಲುಗಿಗೆ, ಮಧ್ಯಾಹ್ನ ಕನ್ನಡಕ್ಕೆ ತೆಗೆಯುತ್ತಿದ್ದರಂತೆ. ನಟರು ಊಟಕ್ಕೆ ಎದ್ದಾಗ ಇವನು ಅಲ್ಲೇ ಪೆಟ್ಟಿಗೆಯ ಮೇಲೆ ಕೂತು ಕನ್ನಡದ ಮಾತು ಬರೆದುಕೊಡಬೇಕು. ಪರದೆಯ ಮೇಲೆ ತನ್ನ ಹೆಸರು ಓದುವಷ್ಟರಲ್ಲಿ ಹೋಗಿಬಿಡುತ್ತಿತ್ತು ಎಂದು ಅವನೇ ಹೇಳಿ ನಗುತ್ತಾನೆ. ಹೋಗಲಿ, ಬಂದದ್ದಂತೂ ಹೌದಲ್ಲ. ಆಮೇಲೆ ಸ್ಟುಡಿಯೋ ಮುಚ್ಚಿತು, ಅವನು ಊರಿಗೆ ಬಂದು ಕಡಲೆಕಾಯಿ ಬಿತ್ತಿದ. ಅವನ ಬೆಳೆ ನನ್ನದಕ್ಕಿಂತ ಕಮ್ಮಿ ಬಂದ ವರ್ಷ ನನಗೆ ಮುದ್ದೆ ಎರಡು ತುತ್ತು ಹೆಚ್ಚೇ ಇಳಿಯಿತು.

ಅವನ ಹೆಸರು ನಿಂತದ್ದು ಒಂದು ಚಿತ್ರದಿಂದ. ಮಗುವಿಗಾಗಿ ಅನ್ನ ಕದ್ದ ತಾಯಿ ಪಂಚಾಯಿತಿಯ ಮುಂದೆ ಆಡುವ ಮಾತನ್ನು ಊರೂರಲ್ಲಿ ಹೊಗಳಿದರು. ನಾನು ಆ ಸಿನಿಮಾ ನೋಡಿಲ್ಲ, ನೋಡುವುದೂ ಇಲ್ಲ ಎಂದು ಅರಳಿಕಟ್ಟೆಯಲ್ಲಿ ಹೇಳಿದೆ. ಅರವತ್ತು ವರ್ಷ ಅದನ್ನೇ ಹೇಳಿಕೊಂಡು ಬಂದೆ. ಬಿತ್ತನೆ ಬೀಜದ ನೆಪ ಹೇಳಿ ಶಿರಾದ ಟೆಂಟಿನಲ್ಲಿ ಅದನ್ನು ಎಷ್ಟು ಸಲ ನೋಡಿದೆ ಎಂಬುದು ಟಿಕೆಟ್ ಹರಿಯುವವನಿಗೆ ಮಾತ್ರ ಗೊತ್ತಿತ್ತು, ಅವನು ಸತ್ತ. ಹೆಂಡತಿ ಲಕ್ಕಮ್ಮನಿಗೂ ಹೇಳಿರಲಿಲ್ಲ. ಇದೊಂದು ಮರ್ಯಾದೆಯಾದರೂ ನನಗೆ ಉಳಿಯಲಿ ಎಂದು.

ಮೊನ್ನೆ ಗೌಡಗೆರೆಯಲ್ಲಿ ಅವನಿಗೆ ಸನ್ಮಾನ. ಬಾಲ್ಯದ ಗೆಳೆಯನೆಂದು ನನ್ನನ್ನೂ ವೇದಿಕೆಗೆ ಹತ್ತಿಸಿ, ಅವನ ಬಲಗಡೆಗೆ, ಒಂದಡಿ ಹಿಂದೆ ಕೂರಿಸಿದರು. ಆ ತಾಯಿಯ ಮಾತು ಹೇಳಿ ಎಂದು ಜನ ಕೇಳಿದರು. ಅವನು ಮೈಕು ಹಿಡಿದು ಎದ್ದ.

“ಹಸಿದ ಕೂಸಿಗೆ ನ್ಯಾಯ ಹೇಳಿದೆ ಸ್ವಾಮಿ, ಅದು ಮಲಗಲಿಲ್ಲ...”

ಅಷ್ಟಕ್ಕೇ ನಿಂತ. ಮುಂದಿನದು ಮರೆತಿತ್ತು. ಹಿಂಗೇ ಆಗಬೇಕು ಎಂದುಕೊಂಡೆ, ದೇವರಾಣೆಗೂ. ಅಷ್ಟರಲ್ಲಿ ಈ ಹಾಳು ಬಾಯಿ ಹಳೇ ರೂಢಿಯಂತೆ ತೆರೆದುಕೊಂಡಿತು.

“ತುತ್ತು ಕೊಟ್ಟೆ, ಮಲಗಿತು.”

ಮುಂದಿನ ಸಾಲಿನಲ್ಲಿದ್ದ ಲಕ್ಕಮ್ಮ ತಲೆ ಎತ್ತಿ ನನ್ನನ್ನೇ ನೋಡಿದಳು. ಅರಳಿಕಟ್ಟೆಯವರೂ ನೋಡಿದರು. ಚಿಕ್ಕರಂಗಯ್ಯ ತಿರುಗಲಿಲ್ಲ. ಮೈಕು ಬಾಯಿಂದ ಇಳಿಸದೆಯೇ ಹೇಳಿದ.

“ಇನ್ನೊಂಚೂರು ಗಟ್ಟಿಯಾಗಿ ಹೇಳ್ಲಾ ಅಡವಯ್ಯ. ಈಗ ಬಲಗಿವೀನೂ ಹೋಗೈತೆ.”

ಇಡೀ ಗೌಡಗೆರೆಗೆ ಕೇಳಿಸಿತು. ಇನ್ನೇನು ಮುಚ್ಚಿಡುವುದು? ಗಟ್ಟಿಯಾಗಿಯೇ ಹೇಳಿಕೊಟ್ಟೆ: “ತುತ್ತು ಕೊಟ್ಟೆ, ಮಲಗಿತು. ಈಗ ಹೇಳಿ, ಕಳ್ಳರು ಯಾರು?” ಅವನು ನನ್ನ ಹಿಂದೆಯೇ ಅದನ್ನು ಅಂದ. ಚಪ್ಪಾಳೆ ಬಿತ್ತು. ಅಷ್ಟೂ ಅವನಿಗೇ.