ಮೂರನೇ ಮಾಳಿಗೆಯ ಲೈಟು

ನಾಗವೇಣಿ ಮುದುಕರ ಕೈ ಹಿಡಿಯುವುದಿಲ್ಲ, ತನ್ನ ಕೈ ಕೊಡುತ್ತಾಳೆ. "ಹಿಡದ್ರ ಅಂಜ್ತಾರ. ಕೊಟ್ರ ತಾವೇ ಹಿಡ್ಕೋತಾರ" ಎನ್ನುತ್ತಾಳೆ. ಇದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಜೇವರ್ಗಿ ಕಡೆಯ ಹಳ್ಳಿಯಿಂದ ಗಂಡನ ಜೊತೆ ಬಂದು ನವಿ ಮುಂಬಯಿಯ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತವಳು. ಅತ್ತೆಗೆ ಲಕ್ವ ಹೊಡೆದಾಗ ಆ ಕೆಲಸ ಬಿಟ್ಟಳು. ಅತ್ತೆ ಕಣ್ಣು ಮುಚ್ಚುವ ಹೊತ್ತಿಗೆ ಈ ವಿದ್ಯೆ ಅವಳ ಕೈಗೆ ಹತ್ತಿತ್ತು.

ಡೊಂಬಿವಲಿಯ ಒಂದು ಭಜನಾ ಮಂಡಳಿಯವರು ಹಿರಿಯರಿಗಾಗಿ ವ್ಯಾನು ಇಟ್ಟಾಗ ಅವಳನ್ನು ಕರೆದರು. ಬೆಳಿಗ್ಗೆ ಹಿರಿಯರನ್ನು ಠಾಕುರ್ಲಿಯ ಹಗಲು ಆರೈಕೆ ಕೇಂದ್ರಕ್ಕೆ ಒಯ್ಯಬೇಕು, ಸಂಜೆ ಮನೆ ಮುಟ್ಟಿಸಬೇಕು. ವ್ಯಾನು ಓಡಿಸುವವನು ಜೈಭೀಮ, ಅವಳ ಊರ ಕಡೆಯವನೇ. ಒಂಟಿಯಾಗಿ ಇರುವವರ ವಿಷಯದಲ್ಲಿ ಅವರದೊಂದು ಕಟ್ಟಳೆ ಇತ್ತು. ಮೇಲೆ ಹೋದವರು ರಸ್ತೆ ಕಡೆಯ ಕೋಣೆಯ ಲೈಟು ಹಾಕಬೇಕು. ಲೈಟು ಕಂಡ ಮೇಲೆ ಜೈಭೀಮ ಎರಡು ಸಲ ಹಾರ್ನ್ ಹೊಡೆದು ಗಾಡಿ ಬಿಡಬೇಕು.

ಎಲ್ಲರಿಗಿಂತ ಕಡೆಗೆ ಇಳಿಯುವ ಇಬ್ಬರಲ್ಲಿ ರಮಾಮಣಿ ಒಬ್ಬರು. ಉಡುಪಿ ಕಡೆಯವರು, ಹೋಟೆಲು ನಡೆಸುತ್ತಿದ್ದ ಪುಂಡರೀಕಾಕ್ಷ ರಾಯರ ಹೆಂಡತಿ. ರಾಯರು ತೀರಿಹೋಗಿ ವರ್ಷ ದಾಟಿತ್ತು. ಅವರ ಹಳೆಯ ಕಟ್ಟಡಕ್ಕೆ ಲಿಫ್ಟಿಲ್ಲ, ಮನೆ ಮೂರನೇ ಮಾಳಿಗೆ. ನಾಗವೇಣಿ ಜೊತೆಗೆ ಹೊರಟರೆ ಒಪ್ಪುತ್ತಿರಲಿಲ್ಲ.

"ನನ್ನ ಕಾಲಿಗೂ ಸ್ವಲ್ಪ ಕೆಲಸ ಬೇಡವಾ ಮಗಾ?"

ಒಂದೊಂದು ಮೆಟ್ಟಿಲಿಗೂ "ಕೃಷ್ಣಾ" ಎನ್ನುತ್ತ ಏರುವರು. ಆ ದನಿ ಮೇಲೆ ಹೋಗಿ ಹೋಗಿ ಕೇಳದಂತಾದ ಮೇಲೆ ಲೈಟು ಹತ್ತುವುದು. ನಾಗವೇಣಿ ಮನಸ್ಸಿನಲ್ಲೇ ಶರಣಬಸವನಿಗೆ ಕೈಮುಗಿಯುವಳು.

ಆ ಸಂಜೆ ದನಿ ಒಂದನೇ ಮಾಳಿಗೆಯ ತಿರುವಿನಲ್ಲೇ ನಿಂತಿತು. ನಿಂತ ಕೂಡಲೇ ಮೇಲೆ ಲೈಟು ಹತ್ತಿತು.

ಜೈಭೀಮ ಹಾರ್ನ್ ಹೊಡೆದ. "ಬಾ ಯಕ್ಕಾ, ಹತ್ತು."

"ತಡಿಯೋ. ಅಮ್ಮ ಇನ್ನಾ ಕೆಳಗದಾರ."

"ಮತ್ತ ಲೈಟ್ ಯಾರು ಹಾಕಿದ್ರು?"

ವ್ಯಾನಿನಲ್ಲಿ ಉಳಿದಿದ್ದ ಯಜ್ಞೇಶ್ವರ ರಾಯರು ಗೊಣಗಿದರು. "ಎಂತ ಮಾರಾಯ್ತಿ, ನನಗೆ ಅರ್ಜೆಂಟಾಗಿದೆ. ಇನ್ನು ಹಿಂದೆ ಕಾಯುತ್ತಿರುವ ಬಸ್ಸಿನವನ ಬೈಗುಳವೂ ತಿನ್ನಬೇಕಾ?"

ನಾಗವೇಣಿ ಮೆಟ್ಟಿಲು ಹತ್ತಿದಳು. ತಿರುವಿನಲ್ಲಿ ರಮಾಮಣಿ ಗೋಡೆಗೆ ಒರಗಿ ಕುಳಿತಿದ್ದರು. ತುಟಿ ಕಪ್ಪಿಟ್ಟಿತ್ತು, ಮೈ ಬೆವರಿತ್ತು. ಮನೆಯ ಬೀಗದ ಕೈ ಅವರ ಮುಷ್ಟಿಯಲ್ಲೇ ಇತ್ತು.

ಜೈಭೀಮನೂ ಅವಳೂ ಸೇರಿ ಅವರನ್ನು ವ್ಯಾನಿನಲ್ಲಿದ್ದ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಅವರ ಗುಳಿಗೆ ತರಲು ನಾಗವೇಣಿ ಮೇಲಕ್ಕೆ ಓಡಿದಳು. ಬಾಗಿಲಿಗೆ ಬೀಗ ಹಾಕಿಯೇ ಇತ್ತು. ತೆಗೆದು ನೋಡಿದರೆ ಕೋಣೆಯ ತುಂಬ ಬೆಳಕು, ಯಾರೂ ಇಲ್ಲ. ಗೋಡೆಯ ಹಳೆಯ ಕರಿ ಸ್ವಿಚ್ಚು ಕೆಳಗೆ ಒತ್ತಿಯೇ ಇತ್ತು. ಅವಳು ಅದನ್ನು ಆರಿಸುವಾಗ ಬೆರಳಿಗೆ ಬೆಚ್ಚಗೆ ತಾಕಿತು, ಈಗಷ್ಟೇ ಯಾರೋ ಕೈ ತೆಗೆದ ಹಾಗೆ.

ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯಲ್ಲಿ.

ರಮಾಮಣಿ ಚೇತರಿಸಿಕೊಂಡ ಮೇಲೆ ನಾಗವೇಣಿ ಮೆಲ್ಲಗೆ ಕೇಳಿದಳು. "ಅಮ್ಮಾ, ಅವತ್ತು ಮುಂಜಾನಿ ಲೈಟ್ ಆರ್ಸೋದು ಮರ್ತಿದ್ರೇನು?"

"ಬೆಳಿಗ್ಗೆ ಆರಿಸಿಯೇ ಬರುವುದಲ್ಲವಾ. ಸಂಜೆ ನೀವೇ ಹಾಕ್ತೀರಲ್ಲ."

"ನಾವು?"

"ಮತ್ತೆ? ನಾನು ಬಾಗಿಲು ತೆಗೆಯುವಾಗ ಉರಿಯುತ್ತಲೇ ಇರ್ತದೆ. ಒಂದು ದಿನವೂ ನಾನು ಹಾಕಿದ್ದಿಲ್ಲ. ಮಂಡಳಿಯವರು ಮೊಬೈಲಿನಿಂದ ಹಾಕ್ತಾರೆ ಅಂತ ತಿಳ್ಕೊಂಡಿದ್ದೆ. ಈಗಿನವರು ಎಲ್ಲ ಅದರಲ್ಲೇ ಮಾಡ್ತಾರಲ್ಲ."

ನಾಗವೇಣಿ ಇಲ್ಲವೆಂದು ತಲೆಯಾಡಿಸಿದಳು. ರಮಾಮಣಿ ಅವಳ ಮುಖವನ್ನೇ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಅವರಿದ್ದಾಗ ಹಾಗೇ ಇತ್ತು. ನಾನು ಭಜನೆಯಿಂದ ಬರುವ ಹೊತ್ತಿಗೆ ಕೋಲು ಊರಿಕೊಂಡು ಎದ್ದು ಬಂದು ಲೈಟು ಹಾಕುವವರು" ಎಂದರು.

ಮನೆಗೆ ಮರಳಿದ ಸಂಜೆ ನಾಗವೇಣಿ ಕೇಳದೆಯೇ ಕೈ ಕೊಟ್ಟಳು. ರಮಾಮಣಿ ಈ ಸಲ ಬೇಡ ಎನ್ನಲಿಲ್ಲ. ತಿರುವಿಗೊಮ್ಮೆ ನಿಂತು, ಉಸಿರು ಬಿಟ್ಟು, ಇಬ್ಬರೂ ಏರಿದರು. ಬಾಗಿಲು ತೆಗೆದಾಗ ಒಳಗೆ ಕತ್ತಲೆ. ರಮಾಮಣಿ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ತಾವೇ ಗೋಡೆ ತಡವಿ ಲೈಟು ಹಾಕಿದರು. ಕೆಳಗೆ ಎರಡು ಸಲ ಹಾರ್ನ್ ಕೇಳಿತು.

"ನಾಳೆಯೂ ಮೇಲಿನವರೆಗೆ ಬರ್ತೀಯಲ್ಲವಾ?"

"ದಿನಾ ಬರ್ತೀನ್ರೀ ಅಮ್ಮಾ."

"ಹಾಗಾದರೆ ಅವರಿಗಿನ್ನು ರಜೆ" ಎಂದು ನಗುತ್ತ ಬಾಗಿಲು ಹಾಕಿಕೊಂಡರು.

ನಾಗವೇಣಿ ಇಳಿಯತೊಡಗಿದಳು. ಒಂದನೇ ಮಾಳಿಗೆಯ ತಿರುವಿಗೆ ಬಂದಾಗ ಕೆಳಗಿನಿಂದ ಕೋಲು ಊರುವ ಸದ್ದು ಕೇಳಿತು. ಒಂದು ಕೋಲು, ಒಂದು ಹೆಜ್ಜೆ. ಅವಸರವಿಲ್ಲದೆ ಹತ್ತುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಅವಳು ಓಡಲಿಲ್ಲ. ಸೆರಗು ಹೊದ್ದು, ಹಿರಿಯರಿಗೆ ದಾರಿ ಬಿಡುವ ಹಾಗೆ ಗೋಡೆಗೆ ಸರಿದು ನಿಂತಳು. ಸದ್ದು ತನ್ನ ಹತ್ತಿರ ಬಂದಾಗ, ರೂಢಿಯ ಹಾಗೆ, ಕೈ ಮುಂದೆ ಕೊಟ್ಟಳು.

ಸದ್ದು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಮೇಲಕ್ಕೆ, ಮನೆಯ ಕಡೆ ಹೋಯಿತು.